ಮಸ್ತಾನ ಚಾಚಾರ ಖಾನೆಗಳು

ಪುಸ್ತಕದ ಪುಟ ಕಟ್ಟುವ ತಂತ್ರಾಂಶವೊಂದನ್ನು ಕಂಪ್ಯೂಟರಿಗೆ ಹಾಕಿಕೊಳ್ಳಲು ಬೆಳಗಿನಿಂದ ಒದ್ದಾಡುತ್ತಿದ್ದೇನೆ. ಅದರ ಜೊತೆಗಿನ ಅಕ್ಷರದ ಕಡತಗಳನ್ನು, ಅಂದರೆ ಫಾಂಟುಗಳನ್ನು, ಹೇಳಿದ ಫೋಲ್ಡರಿನಲ್ಲೇ ಇಡಬೇಕಂತೆ. ಬೇರೆ ಕಡೆ ಇಟ್ಟರೆ ಅದಕ್ಕೆ ಸಿಗುವುದಿಲ್ಲವಂತೆ. ಓದಿದ ಕೂಡಲೇ ಮೌಸು ಬಿಟ್ಟು ಕೈ ಹಿಂದಕ್ಕೆ ತೆಗೆದೆ. ಇಷ್ಟಕ್ಕೇ ಹೆದರುವ ಮುದುಕನೇ ಎಂದು ನಗಬೇಡಿ. ಒಮ್ಮೆ ಅಕ್ಷರಗಳನ್ನು ಬೇರೆ ಕಡೆ ಇಟ್ಟವನು ನಾನು.

ಎಪ್ಪತ್ತರ ದಶಕ, ಶಹಾಬಾದಿನ ಒಂದು ಸಣ್ಣ ಮುದ್ರಣಾಲಯ. ನೆಲವೂ ಫರಸಿ ಕಲ್ಲು, ಗೋಡೆಯೂ ಫರಸಿ; ಬೇಸಿಗೆಯಲ್ಲಿ ಒಳಗೆ ಕೂತವರು ರೊಟ್ಟಿಯಂತೆ ಬೇಯುತ್ತಿದ್ದೆವು. ಒಂದೊಂದಕ್ಕೂ ಒಂದಕ್ಷರವಿದ್ದ ಸೀಸದ ಮೊಳೆಗಳನ್ನು ಒಂದೊಂದಾಗಿ ಎತ್ತಿ ಸಾಲು ಜೋಡಿಸುತ್ತಿದ್ದವರು ಮಸ್ತಾನ ಚಾಚಾ. ಪಕ್ಕದೂರು ಭಂಕೂರಿನಿಂದ ನಡೆದು ಬರುತ್ತಿದ್ದರು. ಹಸ್ತಪ್ರತಿಯನ್ನು ಮೂಗಿಗೆ ತಾಗಿಸಿ ಓದುವಷ್ಟು ಕಣ್ಣು ಮಂಜಾಗಿತ್ತು, ಕೈ ಮಾತ್ರ ಮೊಳೆಪೆಟ್ಟಿಗೆಯ ಖಾನೆಯಿಂದ ಖಾನೆಗೆ ಸರಸರ ಓಡುತ್ತಿತ್ತು. ಕಣ್ಣಿನ ಸಂಗತಿ ಮಾಲೀಕರಿಗೆ ತಿಳಿದರೆ ಕೆಲಸ ಹೋಗುತ್ತದೆಂದು ಅವರಿಗೆ ಒಂದೇ ಚಿಂತೆ.

"ಸಾಹುಕಾರ್ರ ಮುಂದ ಹೇಳಬ್ಯಾಡ್ರಿ ಮಾಸ್ತರ," ಎಂದು ನನ್ನ ಕೈ ಹಿಡಿದಿದ್ದರು.

ನಾನು ಮಾಸ್ತರನೇನೂ ಅಲ್ಲ. ಬಿ.ಎ.ಯಲ್ಲಿ ಎರಡು ಸಲ ಡುಮ್ಕಿ ಹೊಡೆದು, ಎರಡು ಮಕ್ಕಳಾದ ಮೇಲೆ ಅಲ್ಲಿಗೆ ಕೈಯಾಳಾಗಿ ಸೇರಿದವನು. ಸೇರಿ ತಿಂಗಳೂ ತುಂಬಿರಲಿಲ್ಲ.

ಹಳೆಯ ಮೊಳೆಗಳು ಸವೆದು, ಹೊಸವು ವಾಡಿ ಜಂಕ್ಷನ್ನಿಗೆ ಪಾರ್ಸಲ್ಲಿನಲ್ಲಿ ಬಂದವು. ತಂದು ಖಾನೆಗೆ ತುಂಬುವ ಕೆಲಸ ನನ್ನದು. ಚಾಚಾರ ಖಾನೆಗಳ ಕ್ರಮ ನೋಡಿ ನಗು ಬಂತು. ಮೊದಲಿಗೇ ನ, ಪಕ್ಕದಲ್ಲಿ ರ, ಖ ಎಲ್ಲೋ ಮೇಲಿನ ಮೂಲೆಯಲ್ಲಿ! ಹೆಚ್ಚು ಬೇಕಾಗುವ ಅಕ್ಷರ ಕೈಗೆ ಹತ್ತಿರ ಇರಬೇಕೆಂಬ ಸಾದಾ ಸಂಗತಿ ನನ್ನ ಪಂಡಿತ ತಲೆಗೆ ಹೊಳೆಯಲಿಲ್ಲ. ಅಂಕಲಿಪಿಯಲ್ಲಿದ್ದಂತೆ ಕ, ಖ, ಗ ಎಂದು ನೀಟಾಗಿ ತುಂಬಿ ಚಹಾಕ್ಕೆ ಹೋದೆ.

ಮರಳಿ ಬರುವಷ್ಟರಲ್ಲಿ ಚಾಚಾ ಶುಕ್ರವಾರದ ನಮಾಜು ಮುಗಿಸಿ ಬಂದು, ಕೊಡ್ಲಿಯವರ ಲಗ್ನಪತ್ರಿಕೆ ಜೋಡಿಸತೊಡಗಿದ್ದರು. ಬೆರಳುಗಳು ಹಳೆಯ ಜಾಗಕ್ಕೇ ಹೋಗುತ್ತಿದ್ದವು. ಹೇಳಬೇಕು. ಆದರೆ ಮಾಲೀಕರು ಎದುರಿಗೇ ಕೂತಿದ್ದರು. ಈಗ ಹೇಳಿದರೆ ಚಾಚಾ ನೋಡದೆ ಜೋಡಿಸುವುದು ಬಯಲಾಗುತ್ತದೆ. ಇವರು ಎದ್ದು ಹೋಗಲಿ, ಆಮೇಲೆ ಹೇಳೋಣ ಎಂದುಕೊಂಡೆ. ಅವರು ಏಳಲಿಲ್ಲ. ಒಂದು ಸಾಲಾಯಿತು, ಎರಡಾಯಿತು, ಹತ್ತಾಯಿತು.

ತೆಗೆದ ಪ್ರೂಫಿನಲ್ಲಿ ಒಂದು ಪದವೂ ಪದವಾಗಿರಲಿಲ್ಲ.

"ಏನ್ರಿ ಚಾಚಾ ಇದು? ಕಣ್ಣ ಕಾಣಸ್ತಾವೋ ಇಲ್ಲೋ?" ಎಂದು ಮಾಲೀಕರು ಗುಡುಗಿದರು.

ಚಾಚಾ ಖಾನೆಯಿಂದ ಒಂದು ಮೊಳೆ ಎತ್ತಿ ಹೆಬ್ಬೆರಳಿನಿಂದ ಸವರಿದರು. ಇನ್ನೊಂದನ್ನೂ ಸವರಿದರು. ಏನಾಗಿದೆಯೆಂದು ಅವರಿಗೆ ತಿಳಿದುಹೋಯಿತು. ನನ್ನ ಕಡೆ ತಿರುಗಲಿಲ್ಲ.

"ವಯಸ್ಸಾತರಿ ಸಾಹುಕಾರ್ರ. ಕಣ್ಣ ಮಂಜ ಆಗ್ಯಾವ."

"ಹಂಗಾದ್ರ ನಾಳಿಂದ ಮನ್ಯಾಗ ಆರಾಮ ಇರ್ರಿ."

ಬಾಗಿಲ ಬಳಿ ಚಾಚಾ ನಿಂತರು. "ನಿಮಗ ಸಣ್ಣ ಮಕ್ಕಳ ಅವ ಮಾಸ್ತರ. ಜ್ವಾಕಿಲೆ ಕೆಲಸ ಮಾಡ್ರಿ," ಎಂದರು. ನಾನು ತಲೆಯಾಡಿಸಿದೆ.

ಅವರ ಗುಟ್ಟು ಕಾಯಲೆಂದೇ ಬಾಯಿ ಬಿಡಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಅವರ ಸ್ಟೂಲಿನ ಮೇಲೆ ಕೂತ ಕೆಲವೇ ತಿಂಗಳಿಗೆ ನನ್ನ ಬೆರಳುಗಳೂ ನೋಡದೆ ಜೋಡಿಸತೊಡಗಿದವು. ಕಣ್ಣು ಚೆನ್ನಾಗಿರುವವರೂ ಹಾಗೆಯೇ ಜೋಡಿಸುತ್ತಾರೆ! ಅಂದು ನಿಜ ಹೇಳಿದ್ದರೆ ಹೋಗುತ್ತಿದ್ದುದು ನನ್ನ ಕೆಲಸ, ಅವರದಲ್ಲ. ಇದು ತಿಳಿದ ಮೇಲೂ ನಾನು ಭಂಕೂರಿಗೆ ಹೋಗಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಕಡತಗಳು ಅವುಗಳ ಜಾಗ ಸೇರಿದವು. ಪರೀಕ್ಷೆಗೆಂದು ಒಂದು ಸಾಲು ಹೊಡೆಯಿರಿ ಎಂದಿತು ಕಂಪ್ಯೂಟರು. 'ಖಾನೆ ಬದಲಿಸಿದವನು ನಾನು' ಎಂದು ಹೊಡೆದೆ. ಒಂದಕ್ಷರವೂ ತಪ್ಪದೆ ಮೂಡಿತು. ಅದನ್ನು ಓದಿಸಲು ಈಗ ಚಾಚಾ ಇಲ್ಲ.