ಐದು ದಿನ ಅಳಿಸದ ಪದ್ಯ

ನಾನು ಕವಿ, ಮೇಲಾಗಿ ತತ್ವಜ್ಞಾನಿ. ಇದನ್ನು ನಾನೇ ಹೇಳಿಕೊಳ್ಳಬೇಕಾಗಿದೆ ಎಂದರೆ ನನ್ನ ಪರಿಸ್ಥಿತಿ ನಿಮಗೆ ಅರ್ಥವಾಗಿರಬೇಕು. ಕಾಲೇಜಿನಲ್ಲಿ ಮೂವತ್ತು ವರ್ಷ ತತ್ವಶಾಸ್ತ್ರ ಕಲಿಸಿದೆ. ನಾನು ನಿವೃತ್ತನಾದ ವರ್ಷವೇ ಆ ವಿಭಾಗವನ್ನೂ ಮುಚ್ಚಿದರು. ಅಚ್ಚಾದ ಎರಡು ಸಂಕಲನಗಳ ಪ್ರತಿಗಳೆಲ್ಲ ಮಂಚದ ಕೆಳಗಿವೆ. ಹೀಗಾಗಿ ದಿನವೂ ನನ್ನ ಸಮಗ್ರ ಸಾಹಿತ್ಯದ ಮೇಲೆಯೇ ಮಲಗುತ್ತೇನೆ.

ಈಗ ಬರೆಯುವುದೆಲ್ಲ ಅತ್ತಿಗುಪ್ಪೆಯ ನಮ್ಮ ಬೀದಿ ತಿರುವಿನ ಕನ್ನಡ ಸಂಘದ ಕರಿಹಲಗೆಯ ಮೇಲೆ. ಅಲ್ಲಿ ದಿನಕ್ಕೊಂದು ಸುಭಾಷಿತ ಬರೆಯುವ ಪದ್ಧತಿ. ಬರೆಯುತ್ತಿದ್ದವರು ಮಹಾಲಕ್ಷ್ಮಿ ಲೇಔಟಿಗೆ ಮನೆ ಬದಲಿಸಿದ ಮೇಲೆ ಸೀಮೆಸುಣ್ಣ ನನ್ನ ಕೈಗೆ ಬಂತು. ಬೆಳಿಗ್ಗೆ ಆರಕ್ಕೆ ಒದ್ದೆ ಬಟ್ಟೆಯಲ್ಲಿ ನಿನ್ನೆಯದನ್ನು ಒರೆಸಿ ನನ್ನದೇ ನಾಲ್ಕೈದು ಸಾಲು ಬರೆಯುತ್ತೇನೆ. ಹೆಸರು ಹಾಕುವುದಿಲ್ಲ. ವಿನಯ ಎಂದುಕೊಳ್ಳಬೇಡಿ, ‘ಇದು ಯಾರದು ಸಾರ್?’ ಎಂದು ಯಾರಾದರೂ ಕೇಳಲಿ ಎಂಬ ದುರಾಸೆ. ಮೂರು ವರ್ಷವಾಯಿತು, ಯಾರೂ ಕೇಳಿಲ್ಲ.

ಹೆಂಡತಿ ಇದ್ದಾಗ ಕೇಳಲು ಒಬ್ಬಳಂತೂ ಇದ್ದಳು. ಸೊಪ್ಪು ಬಿಡಿಸುತ್ತಲೇ ‘ಕೊನೇ ಸಾಲು ತೆಗೀರಿ’ ಅನ್ನುತ್ತಿದ್ದಳು. ಅವಳು ಹೋದ ಮೇಲೆ ನನ್ನ ಪದ್ಯಗಳಿಗೆಲ್ಲ ಒಂದೊಂದು ಸಾಲು ಹೆಚ್ಚು. ಏಕಾಂತ ಬೇರೆ, ಒಂಟಿತನ ಬೇರೆ ಎಂದು ತರಗತಿಯಲ್ಲಿ ಗಂಟೆಗಟ್ಟಲೆ ಕೊರೆದವನು ನಾನು. ಒಂದೇ ಲೋಟ ಕಾಫಿಗೆ ಹಾಲು ಕಾಯಿಸುವಾಗ ಆ ವ್ಯತ್ಯಾಸ ಏನೇನೂ ನೆನಪಾಗುವುದಿಲ್ಲ.

ಕಳೆದ ತಿಂಗಳು ಒಂದು ಪರೀಕ್ಷೆ ಮಾಡಿದೆ. ಪದ್ಯವನ್ನು ಬದಲಿಸದೆ ಹಾಗೇ ಬಿಟ್ಟೆ. ವಾರದೊಳಗೆ ಒಬ್ಬರೂ ಗಮನಿಸದಿದ್ದರೆ ಸೀಮೆಸುಣ್ಣವನ್ನು ಸಂಘಕ್ಕೆ ಒಪ್ಪಿಸಿ, ಬರೆಯುವುದನ್ನೇ ಬಿಟ್ಟುಬಿಡುವುದೆಂದು ತೀರ್ಮಾನಿಸಿದ್ದೆ. ನಾಲ್ಕು ದಿನ ಯಾರೂ ತುಟಿ ಬಿಚ್ಚಲಿಲ್ಲ. ಸಂಘದ ಅಧ್ಯಕ್ಷರು ಹಲಗೆಗೆ ಒರಗಿ ಫೋನಿನಲ್ಲಿ ಮಾತಾಡಿ, ಎರಡನೇ ಸಾಲನ್ನು ಅಂಗಿಯ ಬೆನ್ನಿಗೆ ಅಂಟಿಸಿಕೊಂಡು ಹೋದರು.

ಐದನೇ ದಿನ, ಹಲಗೆಯ ಪಕ್ಕದಲ್ಲಿ ಬಿಸಿ ಜೋಳದ ರೊಟ್ಟಿ ಬಡಿದು ಮಾರುವ ಗದಗ ಕಡೆಯ ಶಾಂತಮ್ಮ ನನ್ನನ್ನು ಕಂಡು ಕರೆದರು.

‘ಸರ, ಆರಾಮ ಇಲ್ಲೇನ್ರಿ? ಐದ ದಿನಾ ಆತು, ಹಲಗಿ ಒರಸೇ ಇಲ್ಲ.’

ನಾನು ಒಲೆಯ ಹತ್ತಿರಕ್ಕೆ ಹೋದೆ. ‘ದಿನಾ ಓದ್ತೀರಾ?’ ಎಂದೆ.

‘ನನಗೆಲ್ಲಿ ಓದಾಕ ಬರ್ತೈತ್ರಿ! ನೀವು ಬಂದು ಬರದ ಮ್ಯಾಲೇನ ನಾ ಒಲಿ ಹಚ್ಚೂದು. ನೀವು ಬರಲಿಲ್ಲಂದ್ರ ಜೀವಕ್ಕ ಕಸಿವಿಸಿ ಆಗ್ತೈತಿ. ಏನೈತಿ ಅದರಾಗ? ಓದಿ ಹೇಳ್ರಿ.’

ಓದಿದೆ. ಒಂಟಿತನದ ಮೇಲಿನ ಪದ್ಯ. ಹಿಟ್ಟಿನ ಕೈ ಹಾಗೇ ಹಿಡಿದು ಅವರು ಪೂರ್ತಿ ಕೇಳಿದರು.

‘ಛಲೋ ಐತ್ರಿ. ಆದ್ರ ಐದ ದಿನದ್ದಾತಲ್ಲ. ನಾ ನಿನ್ನಿ ರೊಟ್ಟಿ ಸೈತ ಯಾರಿಗೂ ಕೊಡಂಗಿಲ್ಲ.’

ವಿಮರ್ಶಕರು ಇದನ್ನೇ ಹೇಳಿದ್ದರೆ ಜಗಳಕ್ಕೆ ನಿಲ್ಲುತ್ತಿದ್ದೆ. ಅವತ್ತು ಒದ್ದೆ ಬಟ್ಟೆ ತರಲು ಮನೆಗೆ ಓಡಿದೆ.