ಬಾಣಂತಿ ಮನೆಗೆ ಜಾಲರಿ

ಮರಿತಾಯಮ್ಮನಿಗೆ ಅರವತ್ತೆಂಟು. ಶಾಲೆಯಲ್ಲಿ ಬಿಸಿಯೂಟ ಬೇಯಿಸುವುದು ನಿಂತ ಮೇಲೆ, ಬಿಳಿಗೆರೆಯಾಚೆ ಹಾಳು ಕಲ್ಲುಮಂಟಪದ ಪಕ್ಕ ಹತ್ತು ಗುಂಟೆಯಲ್ಲಿ ರಸಬಾಳೆ ಬೆಳೆಯುತ್ತಾರೆ. ಗೊಬ್ಬರ ಮಂಟಪದ ಬಾವಲಿಗಳದು. ಮೂಗಿನ ಮೇಲೆ ಎಲೆಯಂಥ ಚರ್ಮ ಇರುವ ಪುಟ್ಟ ಬಾವಲಿಗಳು. ಕಾಡಿನ ಗುಹೆ ಬೇಕಾದ ಜೀವಗಳು. ನಮ್ಮ ಕಡೆ ಕಾಡೆಲ್ಲಿದೆ? ಮಂಟಪಕ್ಕೇ ಒಗ್ಗಿಕೊಂಡಿವೆ. ಅಜ್ಜಿ ಅವುಗಳ ಕೆಳಗೆ ಗೋಣಿತಾಟು ಹಾಸಿ, ವಾರಕ್ಕೊಮ್ಮೆ ಹಿಕ್ಕೆಯನ್ನು ಬಾಳೆಬುಡಕ್ಕೆ ಕೊಡವುತ್ತಾರೆ.

ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಮೊದಲೇ ತಿಳಿದಿದ್ದರೆ ಇಷ್ಟು ದೊಡ್ಡ ಪೆದ್ದನಾಗುತ್ತಿರಲಿಲ್ಲ, ಸಣ್ಣ ಪೆದ್ದನಾಗಿಯೇ ಉಳಿಯುತ್ತಿದ್ದೆ.

ನಾನು ಕಂಟ್ರಾಕ್ಟರ್ ಬಸವಪ್ರಸಾದ್ ಹತ್ತಿರ ದಿನಗೂಲಿ. ಮಂಟಪ ಗಲೀಜಾಗಿದೆ, ಬಾಗಿಲಿಗೆ ಜಾಲರಿ ಬಿಗಿದು ಇವತ್ತೇ ಫೋಟೋ ಕಳಿಸು ಎಂದಿದ್ದರು. ಬಾವಲಿ ಎಂದರೆ ನನಗೆ ಜೀವಭಯ. ಹೆಲ್ಮೆಟ್ ಹಾಕಿಕೊಂಡೇ ಹೋದೆ. ಆದರೂ ದಯಾಳು ನೋಡಿ, ಒಂದೂ ಒಳಗೆ ಸಿಕ್ಕಿಕೊಳ್ಳಬಾರದೆಂದು ಹೊತ್ತು ಮುಳುಗಿ ಎಲ್ಲ ಹಾರಿಹೋಗುವ ತನಕ ಕಾದು, ಕಟ್ಟುತಂತಿಯಲ್ಲಿ ಜಾಲರಿ ಬಿಗಿದು ಫೋಟೋ ತೆಗೆದೆ. ನನ್ನ ಒಳ್ಳೆಯತನಕ್ಕೆ ನನ್ನ ಕಣ್ಣೇ ತುಂಬಿತು.

ಕಳಿಸುವಷ್ಟರಲ್ಲಿ ತೋಟದಿಂದ ಮರಿತಾಯಮ್ಮ ಬಂದರು.

"ಯಾವನ್ಲಾ ಅದು? ಬಾಣಂತಿ ಮನೆ ಬಾಗ್ಲು ಜಡೀತಿರೋನು?"

"ಎಲ್ಲಾ ಹಾರೋದ್ವು ಕಣಜ್ಜಿ. ಒಳಗೆ ಒಂದೂ ಇಲ್ಲ."

"ಒಳಕ್ಕೋಗಿ ನೋಡ್ದಾ?"

ಅಷ್ಟು ಧೈರ್ಯವಿದ್ದಿದ್ದರೆ ಹೆಲ್ಮೆಟ್ ಏಕೆ ಬೇಕಿತ್ತು? ಅಜ್ಜಿ ನನ್ನ ಮೊಬೈಲ್ ಕಿತ್ತುಕೊಂಡು ಜಾಲರಿಯ ಸಂದಿಯಲ್ಲಿ ಟಾರ್ಚ್ ಬಿಟ್ಟರು. ಚಾವಣಿಯಲ್ಲಿ ಹೆಬ್ಬೆರಳು ಗಾತ್ರದ ಮರಿಗಳು, ಸಾಲಾಗಿ ತಲೆಕೆಳಗು.

"ತಾಯಂದ್ರು ಉಳ ಇಡಿಯಾಕೋಗವೆ. ಬಂದು ಆಲು ಕುಡಿಸ್ಬೇಕು. ಈ ಎರಡು ತಿಂಗ್ಳು ನಾನೇ ಗೋಣಿ ಎತ್ತಾಕಿಲ್ಲ, ಒಳಕ್ಕೆ ಕಾಲಿಡಾಕಿಲ್ಲ. ನೀನ್ಯಾವ ದೊಣ್ಣೆನಾಯ್ಕ?"

"ಬಿಚ್ಚಿದ್ರೆ ನಾಳೆಯಿಂದ ಕೆಲ್ಸಕ್ಕೆ ಬರಬೇಡ ಅಂತಾರಜ್ಜಿ."

"ಅನ್ಲಿ ಬುಡು. ನಿಂಗೆ ಇನ್ನೊಂದು ಕೆಲ್ಸ ಸಿಕ್ತದೆ. ಅವು ಬೆಳಗಾನ ಅಸ್ಕೊಂಡು ಬದುಕ್ತವಾ?"

ಮನಸ್ಸು ಕರಗಿ ಬಿಚ್ಚಿದೆ ಎಂದು ಬರೆಯಲು ಆಸೆ. ನಿಜವೆಂದರೆ, ಅಷ್ಟರಲ್ಲಿ ಮೊದಲ ತಾಯಿ ಬಂದು ಜಾಲರಿಗೆ ಬಡಿದು, ನನ್ನ ಹೆಲ್ಮೆಟ್ಟಿಗೂ ಬಡಿಯಿತು. ನಾನು ಕಿರುಚಿದೆ. ಅದು ಮತ್ತೆ ಮತ್ತೆ ಜಾಲರಿಗೇ ಬಂದು ಬಡಿಯತೊಡಗಿತು. ನನ್ನ ಕೈ ತಾನಾಗಿ ತಂತಿ ಬಿಚ್ಚತೊಡಗಿತು.

ಜಾಲರಿ ಕೆಳಗಿಡುವಾಗ ಬಸವಪ್ರಸಾದ್ ಫೋನ್. ಅಜ್ಜಿ ಮೊಬೈಲನ್ನು ನನ್ನ ಕೈಗೆ ತುರುಕಿದರು.

"ಫೋಟೋ ಎಲ್ಲೋ?"

ತೆಗೆದಿದ್ದ ಫೋಟೋ ಕಳಿಸಿ ನುಣುಚಿಕೊಳ್ಳಬಹುದಿತ್ತು. ಆದರೆ ಅಜ್ಜಿ ಎದುರಿಗೇ ನಿಂತಿದ್ದರು.

"ಬಿಚ್ಚಿಬಿಟ್ಟೆ ಸಾ. ಒಳಗೆ ಮರಿಗಳವೆ."

"ಸರಿ, ಅವನ್ನೇ ಸಾಕ್ಕೊಂಡಿರು. ನಾಳೆ ಬರಬೇಡ."

ಅಜ್ಜಿಗೂ ಕೇಳಿಸಿತ್ತು. ಸಮಾಧಾನ ಹೇಳುತ್ತಾರೇನೋ ಎಂದು ಕಾದೆ.

"ಟಾರ್ಚ್ ಆರ್ಸು. ಬೆಳಕಿದ್ರೆ ಒಳಕ್ಕೋಗಾಕಿಲ್ಲ," ಎಂದರು.

ಆರಿಸಿ, ಬಾಗಿಲ ಪಕ್ಕ ಕುಕ್ಕರಿಸಿದೆ. ತಾಯಂದಿರು ಒಂದೊಂದಾಗಿ ನನ್ನ ಹೆಲ್ಮೆಟ್ ಸವರಿಕೊಂಡು ಒಳಗೆ ಹೋದವು.