ರಾಕ್ಷಸನ ಬಾಯಿಯ ಗುಬ್ಬಿಮನೆ

ಹೊಸ ಮನೆಗೆ ಬಂದು ತಿಂಗಳುಗಳಾದರೂ ನಮ್ಮ ಅತ್ತೆ ಟ್ರಂಕು ಖಾಲಿ ಮಾಡಲಿಲ್ಲ. ಸ್ನಾನವಾದ ಮೇಲೆ ಅದರಿಂದ ಒಂದು ಸೀರೆ ತೆಗೆದು ಉಟ್ಟು, ಮತ್ತೆ ಬೀಗ ಹಾಕಿ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದರು. ಛತ್ರದಲ್ಲಿ ಇಳಿದುಕೊಂಡವರ ಹಾಗೆ. ಬೀರುವಿನಲ್ಲಿ ಅವರಿಗೆಂದು ನಾನು ಬಿಟ್ಟಿದ್ದ ಖಾನೆ ಧೂಳು ತಿನ್ನುತ್ತಿತ್ತು.

ತೊಂಬತ್ತರ ದಶಕದ ಕೊನೆ ಅದು. ನನ್ನ ಗಂಡ ಭದ್ರಾವತಿಯಲ್ಲಿ ಫ್ಯಾಕ್ಟರಿ ಕೆಲಸದಲ್ಲಿದ್ದರು. ನ್ಯೂ ಟೌನಿನ ಕ್ವಾರ್ಟರ್ಸ್ ಬಿಟ್ಟು ಶಿವಮೊಗ್ಗದಲ್ಲಿ ಸವಳಂಗ ರಸ್ತೆಯ ಪಕ್ಕ ಸ್ವಂತ ಮನೆ ಕಟ್ಟಿಕೊಂಡಿದ್ದೆವು. ಕ್ವಾರ್ಟರ್ಸಿನಲ್ಲಿ ಗೋಡೆಗೆ ವಾಲಿಸಿ ತೂಗುಹಾಕಿದ್ದ, ತೀರಿಹೋದ ಮಾವನವರ ಫೋಟೋದ ಹಿಂದೆ ಪ್ರತಿ ವರ್ಷ ಗುಬ್ಬಿ ಗೂಡು ಕಟ್ಟುತ್ತಿತ್ತು. ಮೊಟ್ಟೆ ಇದ್ದಾಗ ಅತ್ತೆ ಫೋಟೋ ಒರೆಸಲು ಬಿಡುತ್ತಿರಲಿಲ್ಲ, ಫ್ಯಾನ್ ಹಾಕಲಂತೂ ಬಿಡುತ್ತಲೇ ಇರಲಿಲ್ಲ. ರೆಕ್ಕೆಗೆ ಬಡಿದರೆ ಗತಿಯೇನು? ನಾವೆಲ್ಲ ಬೆವರು ಸುರಿಸಿಕೊಂಡು ಉಣ್ಣುತ್ತಿದ್ದೆವು. ಹೊಸ ಮನೆಯಲ್ಲಿ ಫೋಟೋ ಗೋಡೆಗೆ ಅಂಟಿಕೊಂಡಂತೆ ಕೂತಿತ್ತು. ಸೊಳ್ಳೆ ಕಾಟವೆಂದು ಹಟ ಹಿಡಿದು ಕಿಟಕಿಗೆಲ್ಲ ಜಾಲರಿ ಹೊಡೆಸಿದವಳು ನಾನೇ. ಗುಬ್ಬಿ ಎಲ್ಲಿಂದ ಬರಬೇಕು?

"ಗುಬ್ಬಿ ಬರದ ಮನೆ ಎಂಥ ಮನೆ ಮಾರಾಯ್ತಿ? ಗೌರಿ ಹಬ್ಬದ ತನಕ ನೋಡ್ತೀನಿ. ಆಮೇಲೆ ಭದ್ರಾವತಿಗೆ ಹೋಗಿ ತಂಗಿ ಮನೇಲೇ ಇದ್ದುಬಿಡ್ತೀನಿ" ಎಂದರು ಅತ್ತೆ.

ಸೊಸೆಗೆ ಇನ್ನೇನು ಬೇಕು ಎಂದು ನೆಂಟರು ನಕ್ಕರು. ನನಗೆ ಸಂಕಟವಾಯಿತು. ನಾನು ದಿನಾ ಶಂಕರಘಟ್ಟಕ್ಕೆ ಆಫೀಸಿಗೆ ಹೋಗಿ ಬರುತ್ತಿದ್ದೆ. ಸಂಜೆ ಬಸ್ಸಿಳಿದು ಬಂದರೆ ಕಾಫಿ ಲೋಟ ಕೈಗಿಟ್ಟು, "ಸೀಟು ಸಿಕ್ತಾ, ನಿಂತ್ಕೊಂಡೇ ಬಂದ್ಯಾ?" ಎಂದು ಕೇಳುತ್ತಿದ್ದವರು ಅವರೊಬ್ಬರೇ. ಜಗಳ ಆಡುವುದಕ್ಕೂ ನನಗೆ ಅವರೇ ಬೇಕು. ಗಂಡನ ಜೊತೆ ಜಗಳಕ್ಕೆ ಕೂತರೆ ಆ ಮನುಷ್ಯ ಪೇಪರ್ ಬಿಡಿಸಿಕೊಳ್ಳುತ್ತಾರೆ.

ಮನೆ ಕಟ್ಟುವಾಗ ಉಳಿದ ಹಲಗೆ ತುಂಡುಗಳು ಹಿತ್ತಲಲ್ಲಿ ಬಿದ್ದಿದ್ದವು. ಗುಬ್ಬಿಗೊಂದು ಮನೆ ಮಾಡಿಬಿಡೋಣವೆಂದು ಒಂದು ಭಾನುವಾರ ಗರಗಸ ಹಿಡಿದು ಕೂತೆ. ಗರಗಸ ನನ್ನ ಮಾತು ಕೇಳಲಿಲ್ಲ, ಚಾವಣಿ ಒಂದು ಕಡೆ ವಾಲಿತು. ಬಾಗಿಲಿಗೆ ನಿಂಬೆಹಣ್ಣು ತೂರುವಷ್ಟು ತೂತು ಕೊರೆದು ಉಪ್ಪು ಕಾಗದ ಹಾಕಿ ಉಜ್ಜಿದೆ. ಕಿಟಕಿಗೆ ಬಳಿದು ಉಳಿದಿದ್ದ ನೀಲಿಯನ್ನು ಗೋಡೆಗೆ ಹಚ್ಚಿದೆ, ಚಾವಣಿಗೆ ಕೆಂಪು. ಹಳದಿಯನ್ನು ಅಂಗಡಿಯಿಂದ ತಂದು ಹೊಸ್ತಿಲು ಬರೆದು, ಅದರ ಮೇಲೆ ಬಿಳಿ ಚುಕ್ಕಿಯ ರಂಗೋಲಿಯನ್ನೂ ಇಟ್ಟೆ. ಜಗಲಿಯ ಸಜ್ಜೆಯ ಕೆಳಗೆ ತೂಗುಹಾಕಿದಾಗ ಎದುರು ಮನೆಯವರು ಗೇಟಿಗೇ ಬಂದು, "ಏನ್ರೀ, ನಿಮ್ಮನೆಗಿಂತ ಇದೇ ಚೆನ್ನಾಗಿದೆ" ಎಂದರು. ನಾನು ಉಬ್ಬಿಹೋದೆ.

ಅತ್ತೆಯ ಮುಖ ಗಂಟಿಕ್ಕಿತು.

"ಹೊಸ ಮನೆ, ಇಷ್ಟು ಬಣ್ಣ. ನೋಡು, ಆಗಲೇ ಕಣ್ಣು ಬಿತ್ತು. ದೃಷ್ಟಿಗೇನು ಮಾಡಿದ್ದೀಯ?"

"ಗುಬ್ಬಿಮನೆಗೂ ದೃಷ್ಟಿಬೊಂಬೆ ಬೇಕಾ ಅತ್ತೆ?"

"ಮನೆ ಅಂದ್ಮೇಲೆ ಮನೇನೇ ಕಣೇ."

ನನಗೆ ಮೂಗಿನ ತುದಿಯಲ್ಲೇ ಕೋಪ. ಬ್ರಷ್ ಎತ್ತಿಕೊಂಡು, ಆ ತೂತನ್ನೇ ಬಾಯಿ ಮಾಡಿ, ಸುತ್ತ ಕೋರೆಹಲ್ಲು, ಮೇಲೆ ಗುಡ್ಡೆಗಣ್ಣು, ದಪ್ಪ ಮೀಸೆ ಬರೆದುಬಿಟ್ಟೆ. ಹೊಸ್ತಿಲಿದ್ದ ಜಾಗದಲ್ಲಿ ಕೆಂಪು ನಾಲಿಗೆ ಇಳಿಬಿತ್ತು. ಅಣಕಿಸಲೆಂದು ಬರೆದದ್ದು. ಅತ್ತೆಗೆ ಅದೇ ಹಿಡಿಸಿತು. "ಈಗ ಸರಿಯಾಯ್ತು" ಎಂದು ಒಳಗೆ ಹೋದರು.

ಗುಬ್ಬಿ ಬರಲಿಲ್ಲ. ಅತ್ತೆ ಕಾಂಪೌಂಡಿನ ಮೇಲೆ ದಿನಾ ಅಕ್ಕಿನುಚ್ಚು ಹಾಕುತ್ತಿದ್ದರು. ಗುಬ್ಬಿಗಳು ಬಂದು ನುಚ್ಚು ತಿಂದು, ಗೂಡಿನ ಕಡೆ ಒಮ್ಮೆ ಕತ್ತು ತಿರುಗಿಸಿ, ಎದುರು ಮನೆಯ ಮೀಟರ್ ಬೋರ್ಡಿಗೆ ಹಾರುತ್ತಿದ್ದವು. "ರಾಕ್ಷಸನ ಬಾಯಿಗೆ ಯಾವ ಗುಬ್ಬಿ ಹೋಗುತ್ತೆ?" ಎಂದು ಗಂಡ ಪೇಪರಿನ ಹಿಂದಿನಿಂದ ನಗುತ್ತಿದ್ದರು. ಅಳಿಸುತ್ತೇನೆ ಎಂದರೆ ಅತ್ತೆ ಬಿಡರು. ಬರೆದ ದೃಷ್ಟಿಬೊಂಬೆಯನ್ನು ಅಳಿಸಿದರೆ ಮನೆಗೆ ಆಗಿಬರುವುದಿಲ್ಲವಂತೆ. ಗುಬ್ಬಿ ಬೇಕೆಂದವರೂ ಅವರೇ, ಗುಬ್ಬಿಯನ್ನು ಹೆದರಿಸುವ ಮುಖ ಇರಲೇಬೇಕೆಂದವರೂ ಅವರೇ. ನನಗೆ ತಲೆ ಕೆಟ್ಟುಹೋಯಿತು. ಮಳೆಗಾಲ ಬಂತು. ಇರಚಲು ಹೊಡೆದು ಹೊಡೆದು ಹೊಸ ಬಣ್ಣದ ವಾಸನೆಯೆಲ್ಲ ಹೋಯಿತು, ರಾಕ್ಷಸ ಮಾತ್ರ ಹಾಗೇ ಇದ್ದ.

ಗೌರಿ ಹಬ್ಬಕ್ಕೆ ಮುಂಚೆಯೇ, ಹಬ್ಬವನ್ನೂ ತಂಗಿ ಮನೆಯಲ್ಲೇ ಮಾಡುತ್ತೇನೆಂದು ಅತ್ತೆ ಹೊರಟರು. ಟ್ರಂಕು ಜಗಲಿಗೆ ಬಂತು. ನನ್ನ ಗಂಡ ಆಟೋ ಕರೆಯಲು ಹೋದರು. ನಾನು ಆಫೀಸಿಗೆ ರಜೆ ಹಾಕಿ ಕಂಬಕ್ಕೊರಗಿ ನಿಂತಿದ್ದೆ. ಅತ್ತೆ ಟ್ರಂಕಿನ ಮೇಲೆ ಕೂತು ಸೆರಗು ಸರಿಮಾಡಿಕೊಳ್ಳುತ್ತಿದ್ದವರು ಹಾಗೇ ಕೈ ನಿಲ್ಲಿಸಿದರು.

ಒಂದು ಹೆಣ್ಣುಗುಬ್ಬಿ ರಾಕ್ಷಸನ ನಾಲಿಗೆಯ ಮೇಲೆ ಕೂತಿತ್ತು. ಕೊಕ್ಕಿನಲ್ಲಿ ಉದ್ದನೆಯ ಹುಲ್ಲುಕಡ್ಡಿ. ಅಡ್ಡ ಹಿಡಿದು ನುಗ್ಗಿತು, ಕಡ್ಡಿ ಕೋರೆಹಲ್ಲಿಗೆ ತಗುಲಿತು. ಮತ್ತೆ ನುಗ್ಗಿತು. ಆಮೇಲೆ ತಲೆ ಓರೆ ಮಾಡಿ, ಕಡ್ಡಿಯನ್ನು ಎಳೆದುಕೊಂಡು ಬಾಯೊಳಗೆ ಹೋಯಿತು. ಅತ್ತೆ ನನ್ನ ಕೈ ಹಿಡಿದುಕೊಂಡಿದ್ದರು, ಅದು ಅವರಿಗೂ ಗೊತ್ತಿರಲಿಲ್ಲವೇನೋ.

ಆಟೋ ಬಂದು ಹಾರನ್ ಹೊಡೆಯಿತು.

"ಸದ್ದು ಮಾಡ್ಬೇಡಪ್ಪ" ಎಂದು ಅತ್ತೆ ಪಿಸುಗುಟ್ಟಿದರು. ಮಗನ ಕಡೆ ತಿರುಗಿ, "ಅವನನ್ನ ಕಳಿಸೋ. ಈಗ ಹೋದ್ರೆ ಇದರ ಬಾಣಂತನ ಯಾರು ಮಾಡ್ತಾರೆ? ಇವಳಂತೂ ಬೆಳಿಗ್ಗೆ ಎದ್ದರೆ ಶಂಕರಘಟ್ಟಕ್ಕೆ ಓಡ್ತಾಳೆ" ಎಂದರು.

ಆಮೇಲೆ ಸೊಂಟದಿಂದ ಕೀಲಿ ತೆಗೆದು ನನ್ನ ಕೈಗೆ ಹಾಕಿದರು. "ಬೀರುವಲ್ಲಿ ಆ ಖಾನೆ ಖಾಲಿ ಇದೆಯಲ್ಲ, ಜೋಡಿಸು. ಒಳ್ಳೆ ಸೀರೆ ಮೇಲಿರ್ಲಿ."

ನಾನು ಅಳುತ್ತಾ ನಗುತ್ತಾ ಸೀರೆ ಜೋಡಿಸಿದೆ. ಸೆಕೆಯೆನಿಸಿ ಫ್ಯಾನ್ ಹಾಕಿದ್ದೇ ತಡ, ಜಗಲಿಯಿಂದ ಕೂಗು ಬಂತು: "ಫ್ಯಾನ್ ಆರ್ಸೇ." ಗೂಡಿರುವುದು ಹೊರಗೆ, ಜಾಲರಿಯ ಆಚೆ ಎಂದರೂ ಕೇಳಲಿಲ್ಲ. ಆ ವರ್ಷ ಗೌರಿ ಹಬ್ಬದ ಊಟವನ್ನು ಮೂವರೂ ಬೆವರುತ್ತಲೇ ಉಂಡೆವು.